ಕೆಳಗಿನ ಶೆಲ್ಫು ಖಾಲಿ

ಒಬ್ಬರ ಹೆಂಡತಿ ಇನ್ನೊಬ್ಬರ ಹೆಂಡತಿಗೆ ಅಕ್ಕನೋ ತಂಗಿಯೋ ಆದರೆ ಆ ಗಂಡಂದಿರು ಷಡ್ಡಕರಾಗುತ್ತಾರೆ. ಹೇಳಿ ನೋಡಿ, ಆ ಪದ ಬಾಯಿಂದ ಹೊರಡುವಾಗಲೇ ಹಲ್ಲು ಕಡಿದಂತಿರುತ್ತದೆ. ನನ್ನ ಹೆಂಡತಿ ಅವಳಪ್ಪನಿಗೆ ಒಬ್ಬಳೇ ಮಗಳು, ಹಾಗಾಗಿ ಈ ಭಾಗ್ಯ ನನಗೆ ಒದಗಲಿಲ್ಲ. ನಮ್ಮ ಕಾಲೇಜಿನ ಗಿಡದ ಮೇಷ್ಟ್ರಿಗೆ ಮಾತ್ರ ಧಾರಾಳವಾಗಿ ಒದಗಿತ್ತು. ಅವರ ಷಡ್ಡಕರು ಅದೇ ಕಾಲೇಜಿನಲ್ಲಿದ್ದರು, ಅದೇ ಕ್ವಾರ್ಟರ್ಸಿನ ಸಾಲಿನಲ್ಲಿದ್ದರು, ಸಾಲದ್ದಕ್ಕೆ ಅದೇ ಮಾವನಿಗೆ ಹಿರಿಯ ಅಳಿಯನೂ ಆಗಿದ್ದರು.

ಗಿಡದ ಮೇಷ್ಟ್ರು ಅಂದರೆ ಸಸ್ಯಶಾಸ್ತ್ರ ಹೇಳಿಕೊಡುವವರು. ಷಡ್ಡಕರದು ರಸಾಯನಶಾಸ್ತ್ರ, ಹುಡುಗರು ಅವರಿಗೆ ಇಟ್ಟ ಹೆಸರು ಆಸಿಡ್ ಮೇಷ್ಟ್ರು. ಗುಡ್ಡದ ಮೇಲಿನ ಹಾಸ್ಟೆಲ್ಲಿಗೆ ಆಸಿಡ್ ಮೇಷ್ಟ್ರು ವಾರ್ಡನ್, ಗುಡ್ಡದ ಬುಡದ ಹಾಸ್ಟೆಲ್ಲಿಗೆ ಗಿಡದ ಮೇಷ್ಟ್ರು. ಅಂದರೆ ಭೂಗೋಳವೂ ನಮ್ಮ ಗಿಡದ ಮೇಷ್ಟ್ರನ್ನು ಕೆಳಗೇ ಇಟ್ಟಿತ್ತು. ಆಸಿಡ್ ಮೇಷ್ಟ್ರು ಇವರನ್ನು "ತಮ್ಮಾ" ಎಂದು ಕರೆಯುತ್ತಿದ್ದರು. ಇವರಿಗೆ "ಅಣ್ಣಾ" ಎನ್ನಲು ಬಾಯಿ ಬರುತ್ತಿರಲಿಲ್ಲ. ಮದುವೆಯಾದಂದಿನಿಂದ "ಇವ್ರೇ" ಎಂದೇ ಸಂಸಾರ ಸಾಗಿಸಿದ್ದರು.

ನಾನು ಆ ಕಾಲೇಜಿನ ಲೈಬ್ರರಿಯನ್. ಗಿಡದ ಮೇಷ್ಟ್ರ ಪಕ್ಕದ ಮನೆಯೇ ನನ್ನದು. ನಡುಗೋಡೆ ಕಟ್ಟಿದ ಕಂಟ್ರಾಕ್ಟರನ ಕೃಪೆಯಿಂದ ಆ ಮನೆಯಲ್ಲಿ ಲೋಟ ಕೆಳಗಿಟ್ಟರೆ ಈ ಮನೆಯಲ್ಲಿ ಕೇಳಿಸುತ್ತದೆ. ದಿನ ಬೆಳಗಾದರೆ ಮೇಷ್ಟ್ರ ಹೆಂಡತಿಯ ದನಿ ಗೋಡೆ ದಾಟಿ ಬರುತ್ತಿತ್ತು.

"ಭಾವನ್ನ ನೋಡಿ, ತಮ್ಮ ಶರ್ಟಿಗೆ ತಾವೇ ಇಸ್ತ್ರಿ ಹಾಕ್ಕೋತಾರೆ. ಭಾವನ್ನ ನೋಡಿ, ಅಕ್ಕ ಕೇಳೋಕ್ಮುಂಚೆ ಗ್ಯಾಸ್ ಬುಕ್ ಮಾಡ್ತಾರೆ. ನಿಮಗೇನ್ರೀ ಬಂದಿರೋದು ರೋಗ?"

ಗಿಡದ ಮೇಷ್ಟ್ರು ಭಾವನನ್ನು ನೋಡುತ್ತಲೇ ಇದ್ದರು. ಇಡೀ ಕಾಲೇಜಿನಲ್ಲಿ ಆಸಿಡ್ ಮೇಷ್ಟ್ರನ್ನು ಅವರಷ್ಟು ನೋಡಿದವರು ಇನ್ನೊಬ್ಬರಿಲ್ಲ. ಷಡ್ಡಕರು ಹೊಸ ಚಪ್ಪಲಿ ತಂದರೆ ಇವರ ಅಂಗಾಲು ಉರಿಯುತ್ತಿತ್ತು. ಅವರ ಮನೆಯ ನಲ್ಲಿಯಲ್ಲಿ ನೀರು ಜೋರಾಗಿ ಬಂದರೆ ಇವರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹೋಗಲಿ, ಅವರಿಗೆ ಜ್ವರ ಬಂದಾಗಲಾದರೂ ಇವರಿಗೆ ಸಮಾಧಾನವಾಯಿತೇ ಎಂದರೆ ಅದೂ ಇಲ್ಲ. "ಮಾವ ಕಿತ್ತಳೆಹಣ್ಣು ತಗೊಂಡು ಎರಡೆರಡು ಸಲ ನೋಡೋಕೆ ಹೋಗಿದ್ರಂತೆ ರೀ. ನನಗೆ ಕಾಲು ಮುರಿದಾಗ ಫೋನ್ ಮಾಡಿ 'ನೋಡ್ಕೊಂಡು ನಡೀಬಾರ್ದಾ' ಅಂದಿದ್ರು" ಎಂದು ನನ್ನ ಮೇಜಿನ ಮುಂದೆ ಕುಳಿತು ಕಣ್ಣು ಒದ್ದೆ ಮಾಡಿಕೊಂಡಿದ್ದರು.

ಈ ಸಂಕಟಕ್ಕೆ ಒಂದು ರೂಪ, ಒಂದು ಬಣ್ಣ, ಒಂದು ಬಿರಡೆ ಬಂದದ್ದು ಮದ್ಯದ ನಿಯಮದಿಂದ.

ಮೇಲಿನ ಹಾಸ್ಟೆಲ್ಲಿನ ಒಬ್ಬ ಹುಡುಗ, ಗೆಳೆಯರು ಪ್ರೀತಿಯಿಂದ ಪೀಪಾಯಿ ಎಂದು ಕರೆಯುತ್ತಿದ್ದವನು, ಒಂದು ಸಂಜೆ ಗಂಟಲವರೆಗೆ ಕುಡಿದು ಪ್ರಿನ್ಸಿಪಾಲರ ಮನೆಯ ಬಾಗಿಲು ಬಡಿದ. ಬಾಗಿಲು ತೆರೆದ ಪ್ರಿನ್ಸಿಪಾಲರಿಗೆ ಕೈಮುಗಿದು, "ಸಾರ್, ನಿಮ್ಮ ಕಾಲೇಜು ಬಹಳ ಚೆನ್ನಾಗಿದೆ ಅಂತ ಕೇಳಿದೀನಿ, ನನಗೊಂದು ಸೀಟು ಕೊಡಿ" ಎಂದ. ಆಗ ಅವನು ಅಲ್ಲಿ ಎರಡನೇ ವರ್ಷದಲ್ಲಿ ಓದುತ್ತಿದ್ದ. ಪ್ರಿನ್ಸಿಪಾಲರು ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಮರುದಿನ ಬೆಳಿಗ್ಗೆ ನಿಯಮ ಮಾಡಿದರು.

ಹಾಸ್ಟೆಲ್ಲಿನಲ್ಲಿ ಯಾರೂ ಮದ್ಯ ಇಟ್ಟುಕೊಳ್ಳಬಾರದು, ಕುಡಿಯಬಾರದು, ಕುಡಿದು ಬರಬಾರದು. ವಾರ್ಡನ್ನರು ವಾರವಾರ ಕೋಣೆಗಳನ್ನು ಶೋಧಿಸಬೇಕು. ಸಿಕ್ಕಿಬಿದ್ದವನು ಆಟದ ಮೈದಾನದಲ್ಲಿ ಕಳೆ ಕೀಳಬೇಕು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪ್ರಿನ್ಸಿಪಾಲರು ಮನಶ್ಶಾಸ್ತ್ರ ಓದಿದವರು. ಸಿಕ್ಕ ಬಾಟಲಿಗಳನ್ನೆಲ್ಲ ಲೈಬ್ರರಿಯ ಎದುರಿನ ಗಾಜಿನ ಕಪಾಟಿನಲ್ಲಿ ಇಡಬೇಕು, ನೋಡಿ ನೋಡಿ ಹುಡುಗರಿಗೆ ನಾಚಿಕೆ ಹುಟ್ಟಬೇಕು, ವರ್ಷದ ಕೊನೆಗೆ ಎಲ್ಲರೆದುರು ಒಡೆದು ಹಾಕಬೇಕು ಎಂದು ಇನ್ನೊಂದು ಸಾಲು ಸೇರಿಸಿದರು.

ಆ ಕಪಾಟು ಮೊದಲು ಆಟೋಟದ ಕಪ್ಪುಗಳಿಗೆಂದು ಮಾಡಿಸಿದ್ದು. ನಮ್ಮ ಕಾಲೇಜು ಕಪ್ಪು ಗೆಲ್ಲುವ ಕೆಟ್ಟ ಅಭ್ಯಾಸ ಇಟ್ಟುಕೊಂಡಿರಲಿಲ್ಲವಾದ್ದರಿಂದ ಅದು ಖಾಲಿಯಿತ್ತು. ಅದರ ಬೀಗ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕದಿಯುವಂಥದ್ದು ಏನೂ ಇಲ್ಲವೆಂದು ಯಾರೂ ರಿಪೇರಿ ಮಾಡಿಸಿರಲಿಲ್ಲ. ಪೇಂಟರು ಬಂದು ಮೇಲಿನ ಶೆಲ್ಫಿಗೆ 'ಮೇಲಿನ ಹಾಸ್ಟೆಲ್', ಕೆಳಗಿನ ಶೆಲ್ಫಿಗೆ 'ಕೆಳಗಿನ ಹಾಸ್ಟೆಲ್' ಎಂದು ಕೆಂಪಕ್ಷರದಲ್ಲಿ ಬರೆದು ಹೋದ.

ಮೊದಲ ವಾರವೇ ಆಸಿಡ್ ಮೇಷ್ಟ್ರು ಬಾಟಲಿ ತಂದಿಟ್ಟರು. ಮುಂದಿನ ವಾರ ಇನ್ನಷ್ಟು. ಉದ್ದದ್ದು, ಗಿಡ್ಡದ್ದು, ಚಪ್ಪಟೆಯದು, ಅರ್ಧ ಕುಡಿದದ್ದು, ಮುಚ್ಚಳ ಕಳೆದು ಕಾಗದ ತುರುಕಿದ್ದು. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಆ ಶೆಲ್ಫು ಝಗಝಗ ಹೊಳೆಯುತ್ತಿತ್ತು. ನಾಚಿಕೆಪಡಬೇಕಾದ ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಪಾಠ ಹೇಳುವವರು ಗುಂಪು ಕಟ್ಟಿಕೊಂಡು ಬಂದು, "ಏನ್ ಸಾರ್, ಭರ್ಜರಿ ಬೇಟೆ!" ಎಂದು ಆಸಿಡ್ ಮೇಷ್ಟ್ರ ಕೈಕುಲುಕಿದರು. ಕಪ್ಪಿನ ಕಪಾಟಿನಲ್ಲಿ ಏನಿಟ್ಟರೂ ಜನಕ್ಕೆ ಕಪ್ಪಿನ ಹಾಗೆಯೇ ಕಾಣುತ್ತದೆ ಎಂಬುದು ಮನಶ್ಶಾಸ್ತ್ರದಲ್ಲಿ ಇರಲಿಲ್ಲವೆಂದು ತೋರುತ್ತದೆ.

ಕೆಳಗಿನ ಶೆಲ್ಫಿನಲ್ಲಿ ಒಂದು ಜೇಡ ಬಲೆ ಕಟ್ಟಿತು.

"ಏನ್ರೀ ಗಿಡದ ಮೇಷ್ಟ್ರೇ, ನಿಮ್ಮ ಕಡೆಯಿಂದ ಏನೂ ಬಂದಿಲ್ವಲ್ಲ?" ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದರು.

"ಏನೂ ಸಿಗ್ತಿಲ್ಲ ಸಾರ್."

"ಸಿಗ್ತಿಲ್ವೋ, ನೀವು ಹುಡುಕ್ತಿಲ್ವೋ?"

"ನಮ್ಮ ತಮ್ಮ ಸ್ವಲ್ಪ ಮೆದು ಸಾರ್" ಎಂದು ಆಸಿಡ್ ಮೇಷ್ಟ್ರು ಅಕ್ಕರೆಯಿಂದ ಇವರ ಬೆನ್ನು ಸವರಿದರು. "ಈ ಕೆಲಸಕ್ಕೆ ಮೂಗು ಬೇಕು. ಅದು ಹುಟ್ಟುತ್ತಲೇ ಬರಬೇಕು."

ಪ್ರಿನ್ಸಿಪಾಲರು ಆಗಲೇ ಘೋಷಿಸಿಬಿಟ್ಟರು. ಎರಡೂ ಹಾಸ್ಟೆಲ್ಲುಗಳ ಮೇಲೆ ಒಬ್ಬ ಮುಖ್ಯ ವಾರ್ಡನ್ನನ್ನು ನೇಮಿಸುತ್ತಾರಂತೆ. ವರ್ಷದ ಕೊನೆಗೆ ಆಡಳಿತ ಮಂಡಳಿಯ ಅಧ್ಯಕ್ಷೆಯೇ ಖುದ್ದಾಗಿ ಬಂದು, ಇಬ್ಬರ ಕೆಲಸ ನೋಡಿ, ಆರಿಸುತ್ತಾರಂತೆ. ಮುಖ್ಯ ವಾರ್ಡನ್ನನಿಗೆ ಸಾಲಿನ ಕೊನೆಯ ದೊಡ್ಡ ಮನೆ. ಮತ್ತೆ ಇನ್ನೊಬ್ಬ ವಾರ್ಡನ್ನು ಅವನ ಕೈಕೆಳಗೆ.

ಗಿಡದ ಮೇಷ್ಟ್ರ ಮುಖ ಹರಳೆಣ್ಣೆ ಕುಡಿದವರಂತಾಯಿತು. ಷಡ್ಡಕರು ಮುಖ್ಯ ವಾರ್ಡನ್ನಾದರೆ ಮನೆಯಲ್ಲೂ ಕೆಳಗೆ, ಗುಡ್ಡದಲ್ಲೂ ಕೆಳಗೆ, ಕೆಲಸದಲ್ಲೂ ಕೆಳಗೆ. ತಾನು ಆದರೆ? ಮಾವನ ಮುಂದೆ, ಹೆಂಡತಿಯ ಮುಂದೆ, ಜನ್ಮದಲ್ಲಿ ಒಂದು ಸಲವಾದರೂ ಷಡ್ಡಕರಿಗಿಂತ ಒಂದು ಮೆಟ್ಟಿಲು ಮೇಲೆ. ಆ ಸಂಜೆ ಅವರು ನನ್ನ ಬಳಿ ಬಂದು, "ರೀ, ಒಂದು ಬಾಟಲಿ. ಒಂದೇ ಒಂದು ಬಾಟಲಿ ಸಿಕ್ಕಿದ್ರೆ ಸಾಕು" ಎಂದರು. ಜೀವಮಾನದಲ್ಲಿ ಹನಿ ಮುಟ್ಟದ ಮನುಷ್ಯ, ಆ ಕ್ಷಣ ಅವರನ್ನು ನೋಡಿದ್ದರೆ ಯಾರಾದರೂ ಮಹಾ ಕುಡುಕನೆಂದೇ ತಿಳಿಯುತ್ತಿದ್ದರು.

ಮರುದಿನ ಶೋಧ ಶುರುವಾಯಿತು. ಕೆಳಗಿನ ಹಾಸ್ಟೆಲ್ಲಿನ ಹುಡುಗರು ದುರದೃಷ್ಟವಶಾತ್ ಬಹಳ ಒಳ್ಳೆಯವರು. ವಾರ್ಡನ್ ಬಂದರೆಂದು ಎದ್ದು ನಿಂತರು. ಮಂಚ ಎತ್ತಲು ಕೈಜೋಡಿಸಿದರು. "ಸಾರ್, ಆ ಮೂಲೆ ನೋಡಿಲ್ಲ" ಎಂದು ತಾವೇ ತೋರಿಸಿದರು. ಒಬ್ಬ ಟಾರ್ಚು ತಂದುಕೊಟ್ಟ. ಸಿಕ್ಕದ್ದು ಕೆಮ್ಮಿನ ಔಷಧಿ, ತಲೆಗೆ ಹಾಕುವ ಎಣ್ಣೆ, ಕನ್ನಡಕ ಒರೆಸುವ ನೀರು, ಮತ್ತೆ ಹುಡುಗನೊಬ್ಬನ ಅಜ್ಜಿ ಕಳಿಸಿದ್ದ ದ್ರಾಕ್ಷಿ ಶರಬತ್ತು. ಶರಬತ್ತಿನ ಬಾಟಲಿಯನ್ನು ಮೇಷ್ಟ್ರು ತೆರೆದು ಮೂಸಿದರು, ಮತ್ತೆ ಮೂಸಿದರು, ಕೊನೆಗೆ ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ಮೂಸಿದರು.

"ಹುಳಿ ಬಂದಿದೆಯೇನೋ ಇದು?" ಎಂದು ಕೇಳಿದರು, ಆಸೆಯಿಂದ.

"ಇಲ್ಲ ಸಾರ್, ತಾಜಾ. ಅಜ್ಜಿ ಮೊನ್ನೆ ತಾನೇ ಮಾಡಿದ್ದು. ಕುಡೀರಿ ಸಾರ್."

ಮೇಷ್ಟ್ರ ತಾಳ್ಮೆ ತಪ್ಪಿತು. "ಥೂ ನಿಮ್ಮ! ನೀವೂ ಹುಡುಗರೇನ್ರೋ? ಈ ವಯಸ್ಸಿನಲ್ಲಿ ಶರಬತ್ತು ಕುಡ್ಕೊಂಡು ಕೂತಿದೀರಲ್ಲ! ಗುಡ್ಡದ ಮೇಲೆ ಹೋಗಿ ನೋಡಿ, ಅವರೂ ನಿಮ್ಮಂಗೇ ಓದೋರು. ಎಷ್ಟು ಚೆನ್ನಾಗಿ ಕುಡೀತಾರೆ! ನಿಮಗೆ ಈ ಹಾಸ್ಟೆಲ್ ಮೇಲೆ ಒಂಚೂರಾದ್ರೂ ಅಭಿಮಾನ ಇದೆಯಾ?"

ಹುಡುಗರು ತಲೆ ತಗ್ಗಿಸಿದರು. ತಾವು ಮಾಡಿದ ತಪ್ಪೇನೆಂದು ಅವರಿಗೆ ತಿಳಿಯಲಿಲ್ಲ, ಆದರೂ ಕ್ಷಮೆ ಕೇಳಿದರು. ಅಷ್ಟು ಒಳ್ಳೆಯವರು.

ಆ ವಾರವೂ ಮೇಲಿನ ಶೆಲ್ಫಿಗೆ ಹೊಸ ಬಾಟಲಿ ಬಂತು. ಗೋಡೆಯಾಚೆಯಿಂದ ಹೆಂಡತಿಯ ದನಿ ಕೇಳಿಸಿತು. "ಅಕ್ಕ ಫೋನ್ ಮಾಡಿದ್ಲು. ಭಾವಂಗೆ ಶೆಲ್ಫಲ್ಲಿ ಜಾಗ ಸಾಲ್ತಿಲ್ವಂತೆ. ನಿಮ್ಮದು ಖಾಲಿ ಇದೆಯಲ್ಲ, ಸ್ವಲ್ಪ ಅಲ್ಲಿ ಇಟ್ಕೊಳ್ಳಲಾ ಅಂತ ಕೇಳಿದ್ಲು."

ಲೋಟ ನೆಲಕ್ಕೆ ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಗಿಡದ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಸಸಿ ಚೆನ್ನಾಗಿ ಬರದ ಕಡೆ ಬೇರೆ ಕಡೆಯಿಂದ ತಂದು ನೆಡುವುದು ಅವರ ಶಾಸ್ತ್ರದಲ್ಲೇ ಇದೆ. ಅವರು ನೇರವಾಗಿ ಷಡ್ಡಕರ ಮನೆಗೆ ಹೋಗಿ ಪೀಪಾಯಿಯನ್ನು ತಮಗೆ ಕೊಡಿ ಎಂದು ಕೇಳಿದರು.

ಪೀಪಾಯಿ ಮೇಲಿನ ಹಾಸ್ಟೆಲ್ಲಿನ ಆಧಾರಸ್ತಂಭ. ಆ ಶೆಲ್ಫಿನ ಅರ್ಧ ವೈಭವ ಅವನೊಬ್ಬನದೇ. ಕಳೆ ಕಿತ್ತೂ ಕಿತ್ತೂ ಮೈದಾನದ ಒಂದು ಬದಿಯನ್ನು ಅವನೊಬ್ಬನೇ ನುಣ್ಣಗೆ ಮಾಡಿದ್ದ.

"ಪೀಪಾಯಿನಾ?" ಆಸಿಡ್ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಅವನನ್ನ ಕೊಡೋದು ಕಷ್ಟ ತಮ್ಮಾ."

"ಇವ್ರೇ, ನಿಮ್ಮ ಹತ್ರ ಇನ್ನೂ ಬೇಕಾದಷ್ಟು ಜನ ಇದಾರೆ. ನನ್ನ ಹತ್ರ ಒಬ್ಬನೂ ಇಲ್ಲ."

"ಸುಮ್ನೆ ಹೆಂಗ್ರೀ ಕೊಡೋದು?" ಎಂದು ಒಳಗಿನಿಂದ ಆಸಿಡ್ ಮೇಷ್ಟ್ರ ಹೆಂಡತಿ ಬಂದರು. "ನಮ್ಮ ಮನೆಯವರು ಅವನ ಮೇಲೆ ಎಷ್ಟು ಕಷ್ಟಪಟ್ಟಿದಾರೆ. ಬೇಕಾದ್ರೆ ಬದಲಿಗೆ ಏನಾದ್ರೂ ಕೊಡಲಿ."

ಚೌಕಾಶಿ ನಡೆಯಿತು. ಕೊನೆಗೆ ಒಬ್ಬ ಪೀಪಾಯಿಗೆ ಕೆಳಗಿನ ಹಾಸ್ಟೆಲ್ಲಿನ ಇಬ್ಬರು ಒಳ್ಳೆಯ ಹುಡುಗರು ಎಂದು ಒಪ್ಪಂದವಾಯಿತು. ಯಾವಾಗಲೂ ಜೊತೆಯಲ್ಲೇ ಓಡಾಡುತ್ತಿದ್ದ, ಇಬ್ಬರೂ ದಪ್ಪ ಕನ್ನಡಕ ಹಾಕುತ್ತಿದ್ದ ಆ ಹುಡುಗರನ್ನು ಎಲ್ಲರೂ ಜೋಡಿ ಕನ್ನಡಕ ಎನ್ನುತ್ತಿದ್ದರು. ಪಾಠ ಬಿಟ್ಟರೆ ಪುಸ್ತಕ, ಪುಸ್ತಕ ಬಿಟ್ಟರೆ ನಿದ್ದೆ. 'ಹುಡುಗರ ಏಳಿಗೆಗಾಗಿ ಅದಲುಬದಲು' ಎಂದು ಪ್ರಿನ್ಸಿಪಾಲರೂ ಒಪ್ಪಿದರು.

ಪೀಪಾಯಿ ಟ್ರಂಕು ಹೊತ್ತು ಗುಡ್ಡ ಇಳಿದು ಬಂದಾಗ ಗಿಡದ ಮೇಷ್ಟ್ರು ಗೇಟಿನವರೆಗೆ ಹೋಗಿ ಎದುರುಗೊಂಡರು. ಗಾಳಿ ಬೆಳಕು ಚೆನ್ನಾಗಿರುವ ಮೂಲೆಯ ಕೋಣೆ ಕೊಟ್ಟರು. ಅವನೊಬ್ಬನಿಗೇ ಇರಲೆಂದು ಬೇರೆ ಯಾರನ್ನೂ ಹಾಕಲಿಲ್ಲ. ಬಾಟಲಿ ಬಚ್ಚಿಡಲು ಅನುಕೂಲವಾದ ಒಂದು ಮರದ ಪೆಟ್ಟಿಗೆಯನ್ನೂ ತಾವೇ ಹೊರಿಸಿ ತಂದಿಟ್ಟರು. ಪ್ರತಿ ಸಂಜೆ ಅವನ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತು, "ಏನಪ್ಪಾ, ಏನಾದ್ರೂ ಇದೆಯಾ?" ಎಂದು ಕೇಳುತ್ತಿದ್ದರು.

"ಏನೂ ಇಲ್ಲ ಸಾರ್."

"ಬೇಜಾರಾಗ್ತಿದೆಯಾ? ಮನೆ ನೆನಪಾಗ್ತಿದೆಯಾ? ಹುಡುಗಿ ಗಿಡುಗಿ ಏನಾದ್ರೂ ಕೈಕೊಟ್ಳಾ?"

"ಇಲ್ಲ ಸಾರ್."

"ಯೋಚನೆ ಮಾಡು" ಎಂದು ತಲೆ ಸವರಿ ಎದ್ದು ಬರುತ್ತಿದ್ದರು. ಹೆಂಡತಿಗೆ ಹೇಳಿ ಅವನಿಗೆ ಮನೆಯಿಂದ ಊಟ ಕಳಿಸತೊಡಗಿದರು. ಹೊಟ್ಟೆ ತುಂಬಿದರೆ ಮನುಷ್ಯನಿಗೆ ಕುಡಿಯುವ ಮನಸ್ಸಾಗುತ್ತದೆಂದು ಯಾರೋ ಹೇಳಿದ್ದರಂತೆ.

ಪೀಪಾಯಿಯ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅಪ್ಪ ಲಾರಿ ಓಡಿಸುತ್ತ ಊರೂರು ತಿರುಗುವವನು. ಹುಟ್ಟಿದಾಗಿನಿಂದ ಯಾರೂ ಅವನನ್ನು ಹೀಗೆ ದಿನಾ ಸಂಜೆ ಬಂದು, ಮಂಚದ ಮೇಲೆ ಕುಳಿತು, ಬೇಜಾರಾಗ್ತಿದೆಯಾ ಎಂದು ಕೇಳಿರಲಿಲ್ಲ. ಅವನು ಒಂದು ವಾರ ತಡೆದ. ಆಮೇಲೆ ಒಂದು ಸಂಜೆ ಮೇಷ್ಟ್ರ ಕಾಲು ಹಿಡಿದು ಗಳಗಳ ಅತ್ತ.

"ಬಿಟ್ಬಿಟ್ಟೆ ಸಾರ್! ನಿಮ್ಮಾಣೆ, ಇನ್ನು ಮುಟ್ಟಲ್ಲ!"

ಗಿಡದ ಮೇಷ್ಟ್ರೂ ಅತ್ತರು. ಬಾಗಿಲಲ್ಲಿ ನಿಂತು ನೋಡಿದ ಹುಡುಗರೆಲ್ಲ ಗುರುಶಿಷ್ಯರ ಆನಂದಬಾಷ್ಪವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆಮೇಲೆ ಮೇಷ್ಟ್ರು ನನ್ನ ಬಳಿ ಬಂದರು. "ಅವನೂ ಕೆಟ್ಟ ರೀ" ಎಂದರು. "ಎಂಥಾ ಹುಡುಗ! ನನ್ನ ಕೈಗೆ ಬಂದ, ಹಾಳಾಗಿ ಹೋದ."

ಅಲ್ಲಿಗೆ ಮುಗಿಯಲಿಲ್ಲ. ಮೇಲಿನ ಹಾಸ್ಟೆಲ್ಲಿಗೆ ಹೋಗಿದ್ದ ಜೋಡಿ ಕನ್ನಡಕದ ಇಬ್ಬರೂ, ಹೊಸ ಜಾಗ, ಹೊಸ ಸಹವಾಸ, ನೀರಿಗೆ ಬಿದ್ದವರಂತೆ ಕುಡಿಯಲು ಶುರುಮಾಡಿದ್ದರು. ಓದಿನಲ್ಲಿದ್ದ ಶ್ರದ್ಧೆಯನ್ನೆಲ್ಲ ಇದರಲ್ಲಿ ತೋರಿಸಿದರು. ಮುಂದಿನ ವಾರ ಮೇಲಿನ ಶೆಲ್ಫಿನಲ್ಲಿ ಅವರ ಬಾಟಲಿಗಳು ಮುಂದಿನ ಸಾಲಿನಲ್ಲೇ ಬಂದು ನಿಂತವು.

"ಅನ್ಯಾಯ!" ಗಿಡದ ಮೇಷ್ಟ್ರು ಕಪಾಟಿನ ಗಾಜಿಗೆ ಮೂಗು ಒತ್ತಿ ಕೂಗಿದರು. "ಅವರು ನನ್ನ ಹುಡುಗ್ರು! ಅವರನ್ನ ಸಾಕಿ ಬೆಳೆಸಿದ್ದು ನಾನು! ಆ ಬಾಟಲಿ ನನ್ನ ಶೆಲ್ಫಿಗೆ ಬರಬೇಕು!"

"ಸಾಕಿದ್ದು ನೀನಿರಬಹುದು ತಮ್ಮಾ" ಎಂದರು ಆಸಿಡ್ ಮೇಷ್ಟ್ರು. "ಕುಡಿಸಿದ್ದು ನಾನು." ಹೇಳಿದ ಮೇಲೆ ಮಾತು ಯಾಕೋ ಸರಿಹೋಗಲಿಲ್ಲವೆನಿಸಿ, "ಅಂದ್ರೆ, ಹಿಡಿದದ್ದು" ಎಂದು ತಿದ್ದಿಕೊಂಡರು.

ಜಗಳ ಮಾವನ ಮನೆಗೆ ಹೋಯಿತು. ಮಾವ ನಿವೃತ್ತ ಸ್ಟೇಷನ್ ಮಾಸ್ಟರು, ಎಲ್ಲ ತೀರ್ಪನ್ನೂ ಬಾವುಟ ತೋರಿಸಿದ ಹಾಗೆ ಕೊಡುವವರು. ಎರಡೂ ಕಡೆಯ ಮಾತು ಕೇಳಿ, "ರೈಲು ಯಾವ ಸ್ಟೇಷನ್ನಲ್ಲಿ ನಿಂತಿದೆಯೋ ಆ ಸ್ಟೇಷನ್ನಿಗೆ ಸೇರಿದ್ದು. ದೊಡ್ಡಳಿಯಂದಿರದ್ದೇ ಸರಿ" ಎಂದರು. ಆಮೇಲೆ ಸಣ್ಣಳಿಯನ ಕಡೆ ತಿರುಗಿ, "ನೀವು ಹೊಟ್ಟೆಕಿಚ್ಚು ಪಡಬಾರದಪ್ಪಾ. ಅವರನ್ನ ನೋಡಿ ಕಲೀಬೇಕು" ಎಂದರು. ಸಣ್ಣ ಮಗಳು ಗಂಡನ ಪಕ್ಕದಲ್ಲೇ ಕುಳಿತು ತಲೆಯಾಡಿಸಿದಳು.

ಹೀಗೆ ಅಧ್ಯಕ್ಷೆ ಬರುವ ದಿನ ಬಂತು.

ಅಂದು ನಾನು ಬೇಗ ಬಂದು ಲೈಬ್ರರಿ ತೆರೆದಿದ್ದೆ. ಕಿಟಕಿಯಿಂದ ನೋಡಿದರೆ ಗಿಡದ ಮೇಷ್ಟ್ರು ಮದುವೆಯ ಕೋಟು ಹಾಕಿಕೊಂಡು ಕಪಾಟಿನ ಮುಂದೆ ನಿಂತಿದ್ದಾರೆ. ಅತ್ತ ನೋಡಿದರು, ಇತ್ತ ನೋಡಿದರು, ಬಾಗಿಲನ್ನು ಮೆಲ್ಲಗೆ ಎಳೆದರು. ಆಮೇಲೆ ಮೇಲಿನ ಶೆಲ್ಫಿನ ಬಾಟಲಿಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ, ಎದೆಗವಚಿಕೊಂಡು, ಕೆಳಗಿನ ಶೆಲ್ಫಿಗೆ ಇಳಿಸತೊಡಗಿದರು. ಒಂದೊಂದಾಗಿ ಇಡುವ ವ್ಯವಧಾನ ಅವರಿಗಿರಲಿಲ್ಲ. ಕಾಗದ ತುರುಕಿದ್ದ ಒಂದು ಬಾಟಲಿ ಕಂಕುಳಲ್ಲಿ ತಲೆಕೆಳಗಾಗಿ, ಒಳಗಿದ್ದದ್ದೆಲ್ಲ ಕೋಟಿನ ಮೇಲೆ ಚೆಲ್ಲಿತು. ಕರ್ಚೀಫಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದರು. ಇಷ್ಟು ದಿನ ಆ ಶೆಲ್ಫುಗಳನ್ನು ನೋಡಿದ ಪ್ರಿನ್ಸಿಪಾಲರಿಗೆ, ಪಾಠ ಹೇಳುವವರಿಗೆ, ಫೋಟೋ ತೆಗೆಸಿಕೊಂಡ ಹುಡುಗರಿಗೆ ಇದು ಗೊತ್ತಾಗುವುದಿಲ್ಲವೇ ಎಂಬ ಪ್ರಶ್ನೆ ಹೊಟ್ಟೆಕಿಚ್ಚಿಗೆ ಹೊಳೆಯುವುದಿಲ್ಲ. ಲೈಬ್ರರಿಯಲ್ಲಿ ಮೌನವಾಗಿರಬೇಕೆಂದು ಬೋರ್ಡು ಬರೆಸಿ ಹಾಕಿದವನು ನಾನೇ ಆದ್ದರಿಂದ ಮೌನವಾಗಿದ್ದೆ.

ಅಷ್ಟರಲ್ಲಿ ಕಾರು ಬಂತು.

ಅಧ್ಯಕ್ಷೆ ನಿವೃತ್ತ ಹೆರಿಗೆ ಡಾಕ್ಟರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು, ಪ್ರಿನ್ಸಿಪಾಲರೂ ಸೇರಿ. ಹಾಗಾಗಿ ಅವರು ಯಾರಿಗೂ ಬಹುವಚನ ಖರ್ಚು ಮಾಡುತ್ತಿರಲಿಲ್ಲ. ಕ್ವಾರ್ಟರ್ಸಿನ ಹೆಂಗಸರು, ಹುಡುಗರು, ಇಬ್ಬರು ಅಳಿಯಂದಿರಲ್ಲಿ ಯಾರಿಗೆ ಪಟ್ಟವೆಂದು ನೋಡಲು ಬಂದ ಮಾವ, ಎಲ್ಲರೂ ಸಾಲಾಗಿ ನಿಂತಿದ್ದರು. ಪ್ರಿನ್ಸಿಪಾಲರು ಬಹಳ ಹೆಮ್ಮೆಯಿಂದ ಅಧ್ಯಕ್ಷೆಯನ್ನು ಕಪಾಟಿನ ಮುಂದೆ ಕರೆತಂದರು.

"ಮೇಡಂ, ಇದು ನಮ್ಮ ವಾರ್ಡನ್ನರ ಒಂದು ವರ್ಷದ ಶ್ರಮ!"

ಅಧ್ಯಕ್ಷೆ ಕನ್ನಡಕ ಏರಿಸಿದರು. ಮೇಲೆ ನೋಡಿದರು, ಕೆಳಗೆ ನೋಡಿದರು.

"ಶ್ರಮ ಅಲ್ವೋ ಇದು, ಮಾನಗೇಡು! ಮಕ್ಕಳು ಮಲಗೋ ಜಾಗದಲ್ಲಿ ಇಷ್ಟೊಂದು ಬಾಟಲಿನಾ? ಅದನ್ನ ಗಾಜಿನಲ್ಲಿ ಬೇರೆ ಇಟ್ಟು ತೋರಿಸ್ತೀಯಾ? ಕೆಳಗಿನ ಹಾಸ್ಟೆಲ್ಲು ಹಾಸ್ಟೆಲ್ಲೋ ಹೆಂಡದಂಗಡಿಯೋ?" ಅವರ ದನಿ ಸ್ವಲ್ಪ ಇಳಿಯಿತು. "ಮೇಲಿನದು ನೋಡು. ಒಂದು ತೊಟ್ಟು ಇಲ್ಲ. ಅದರ ವಾರ್ಡನ್ ಯಾರು?"

ಆಸಿಡ್ ಮೇಷ್ಟ್ರು ಮುಂದೆ ಬಂದರು. ತಮ್ಮ ಶೆಲ್ಫು ಖಾಲಿಯಾಗಿರುವುದನ್ನು ಅವರು ಕಂಡದ್ದು ಆಗಲೇ. ಕೂಗಲು ಬಾಯಿ ತೆರೆದರು. ಅಧ್ಯಕ್ಷೆಯ ಮುಖ ನೋಡಿದರು. ಬಾಯಿ ಮುಚ್ಚಿಕೊಂಡು ಕೈಮುಗಿದರು.

"ಹೀಗಿರ್ಬೇಕಪ್ಪಾ. ಶಭಾಷ್. ಇನ್ನೇನು ನೋಡೋದಿದೆ? ಮುಖ್ಯ ವಾರ್ಡನ್ ನೀನೇ."

ಜನ ಚಪ್ಪಾಳೆ ತಟ್ಟಿದರು. ಮಾವನ ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿತ್ತು. ಗಿಡದ ಮೇಷ್ಟ್ರ ಮುಖ ಮೊದಲು ಬಿಳಿಚಿ, ಆಮೇಲೆ ಕೆಂಪಾಗಿ, ಕೊನೆಗೆ ನೇರಳೆಗೆ ತಿರುಗಿತು. ಕೈಕಾಲು ನಡುಗತೊಡಗಿದವು.

"ಸು... ಸುಳ್ಳು!" ಎಂದು ಕಿರುಚಿದರು. "ಆ ಬಾ... ಬಾಟಲಿ ನಂದಲ್ಲ! ಅವರದು! ನನ್ನ ಹುಡುಗ್ರು ಶ... ಶರಬತ್ತು ಕುಡಿಯೋರು! ನಾನೇ ಬೆಳಿಗ್ಗೆ ಕದ್ದು ಕೆಳಗಿಟ್ಟೆ!"

ಎಲ್ಲರೂ ದಂಗಾದರು. ನಾನು "ಹೌದು ಮೇಡಂ" ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಬೂಟುಗಾಲಿನಿಂದ ನನ್ನ ಕಾಲ್ಬೆರಳು ತುಳಿದರು. ಕಪಾಟು ಯಾರ ಬುದ್ಧಿಯಿಂದ ಹುಟ್ಟಿದ್ದೆಂಬ ವಿಚಾರಣೆ ಅವರಿಗೆ ಆ ಹೊತ್ತಿನಲ್ಲಿ ಬೇಕಿರಲಿಲ್ಲ. ನನ್ನ ಬಾಯಿಂದ "ಅಯ್ಯೋ" ಎಂಬುದಷ್ಟೇ ಹೊರಬಂತು.

ಅಧ್ಯಕ್ಷೆ ಗಿಡದ ಮೇಷ್ಟ್ರ ಹತ್ತಿರ ಹೋದರು. ಒಮ್ಮೆ ಮೂಗು ಅರಳಿಸಿದರು.

"ನಾಲಗೆ ಚಾಚು."

ಮೇಷ್ಟ್ರು ಚಾಚಿದರು. ಡಾಕ್ಟರು ಹೇಳಿದರೆ ಯಾರು ತಾನೇ ಚಾಚುವುದಿಲ್ಲ?

"ಕೈ ನಡುಗ್ತಿದೆ. ನಾಲಗೆ ತೊದಲ್ತಿದೆ. ಮೈಯೆಲ್ಲ ವಾಸನೆ. ತನ್ನದಲ್ಲ, ಪಕ್ಕದವನದು ಅಂತಾನೆ. ಎಷ್ಟು ದಿನದಿಂದ ಇದು?"

"ನಾನು ಹನಿ ಮುಟ್ಟಿಲ್ಲ ಮೇಡಂ! ಬೇಕಾದ್ರೆ ನನ್ನ ಹುಡುಗ್ರನ್ನ ಕೇಳಿ!"

ಪೀಪಾಯಿ ಗುಂಪನ್ನು ಸೀಳಿಕೊಂಡು ಮುಂದೆ ಬಂದ. ತನ್ನ ದೇವರ ಮೇಲೆ ಅಪವಾದ ಬಂದದ್ದು ಅವನಿಗೆ ಸಹಿಸಲಾಗಿರಲಿಲ್ಲ.

"ನಮ್ಮ ಸಾರ್ ಬಹಳ ಒಳ್ಳೇವ್ರು ಮೇಡಂ. ದಿನಾ ಸಂಜೆ ನನ್ನ ರೂಮಿಗೆ ಬಂದು 'ಏನಾದ್ರೂ ಇದೆಯಾ' ಅಂತ ಕೇಳೋರು. ಇಲ್ಲ ಅಂದ್ರೆ ಎಷ್ಟು ಬೇಜಾರು ಮಾಡ್ಕೊಳ್ಳೋರು! ನಾನು ಕುಡಿಯೋದು ಬಿಟ್ಟೆ ಅಂದಾಗ ಕೂತು ಅತ್ತುಬಿಟ್ರು ಮೇಡಂ."

ಅಧ್ಯಕ್ಷೆ ನಿಟ್ಟುಸಿರು ಬಿಟ್ಟು ಮೇಷ್ಟ್ರ ಹೆಂಡತಿಯನ್ನು ಕರೆದರು.

"ನೋಡಮ್ಮಾ, ಕೆಲಸದಿಂದ ತೆಗೆಯಲ್ಲ. ಇದು ಕಾಯಿಲೆ. ಬಯ್ಯಬಾರದು. ಒಂಟಿಯಾಗಿ ಬಿಡಬಾರದು. ಕೇಳಿದ್ದು ಮಾಡಿ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಇವನನ್ನ ಯಾರ ಜೊತೆಗೂ ಹೋಲಿಸಬಾರದು. ಹೋಲಿಸಿದ್ರೋ, ಮತ್ತೆ ಶುರುವಾಗುತ್ತೆ." ಮಾವನ ಕಡೆಗೂ ಬೆರಳು ತೋರಿಸಿದರು. "ನಿನಗೂ ಸೇರಿಸಿ ಹೇಳಿದ್ದು."

ಆಸಿಡ್ ಮೇಷ್ಟ್ರು ದೊಡ್ಡ ಮನೆಗೆ ಹೋದರು. ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದರು. ಗಿಡದ ಮೇಷ್ಟ್ರು ಮೊದಲ ಕೆಲವು ದಿನ ಹೊಟ್ಟೆಯುರಿಯಿಂದ ಮಲಗಿದ ಜಾಗದಲ್ಲೇ ಹೊರಳಾಡಿದರು. "ನಾನು ಕುಡಿದಿಲ್ಲ ಕಣೇ!" ಎಂದು ಅವರು ಕೂಗುವುದು ಕೇಳಿಸುತ್ತಿತ್ತು. "ಹೌದು ರೀ, ನೀವು ಕುಡಿದಿಲ್ಲ. ಸ್ವಲ್ಪ ಕಾಫಿ ಕುಡೀರಿ. ಬಿಸಿ ಸಾಕಾ?" ಎಂದು ಹೆಂಡತಿ ರಮಿಸುವುದೂ ಕೇಳಿಸುತ್ತಿತ್ತು. ಗೋಡೆಯಾಚೆ 'ಭಾವ' ಎಂಬ ಪದ ನಿಂತೇಹೋಯಿತು. ಶರ್ಟಿಗೆ ಇಸ್ತ್ರಿ ಹೆಂಡತಿಯೇ ಹಾಕಿದಳು. ಮಾವ ಹಾಸಿಗೆ ಸುತ್ತಿಕೊಂಡು ಸಣ್ಣಳಿಯನ ಮನೆಗೇ ಬಂದು ನೆಲೆಸಿದರು. ಸಂಜೆ ಅಳಿಯನ ಕೈಹಿಡಿದು ವಾಕಿಂಗ್ ಕರೆದೊಯ್ದರು. ಕೆಳಗಿನ ಹಾಸ್ಟೆಲ್ಲಿನ ಹುಡುಗರು ಪಾಳಿ ಹಾಕಿಕೊಂಡು ಬಂದು ಕಾಲು ಒತ್ತಿದರು. ಕೆಲದಿನಗಳಲ್ಲಿ ಮೇಷ್ಟ್ರು ಕುಡಿದಿಲ್ಲ ಎನ್ನುವುದನ್ನು ಬಿಟ್ಟರು. ಕಾಫಿ ಬರುವುದು ತಡವಾದರೆ ಕೈಯನ್ನು ಸ್ವಲ್ಪ ನಡುಗಿಸುತ್ತಿದ್ದರು, ಅಷ್ಟೇ. ಅವರು ಇಷ್ಟು ಸುಖವಾಗಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ.

ಮುಖ್ಯ ವಾರ್ಡನ್ನರು ಮೊನ್ನೆ ಲೈಬ್ರರಿಗೆ ಬಂದರು. ಸೊರಗಿದ್ದರು. ಅಧ್ಯಕ್ಷೆಯ ಹೊಸ ಆಜ್ಞೆಯ ಪ್ರಕಾರ ಈಗ ಬಾಟಲಿ ಸಿಕ್ಕರೆ ತಪ್ಪು ವಾರ್ಡನ್ನನದು. ಮೇಲಿನ ಹಾಸ್ಟೆಲ್ಲಿನಲ್ಲಿ ಸಿಗುತ್ತಲೇ ಇದ್ದವು, ಇವರು ಚೀಲದಲ್ಲಿ ಹೊತ್ತೊಯ್ದು ಎಸೆಯುತ್ತಲೇ ಇದ್ದರು. ಮನೆಗೆ ಹೋದರೆ ಹೆಂಡತಿ, "ನನ್ನ ತಂಗಿ ಗಂಡನ್ನ ನೋಡಿ, ಹೆಂಡತಿ ಜೊತೆ ಕೂತು ಎಷ್ಟು ಹೊತ್ತು ಮಾತಾಡ್ತಾರೆ" ಎನ್ನುತ್ತಿದ್ದಳಂತೆ. ಮಾವ ದೊಡ್ಡ ಮನೆಯ ಹೊಸಿಲು ಒಮ್ಮೆಯೂ ತುಳಿದಿರಲಿಲ್ಲ. ಇಸ್ತ್ರಿ ಹಾಕಿಕೊಳ್ಳುವಾಗ ಕೈ ಸುಟ್ಟರೆ ಕೇಳುವವರಿಲ್ಲ.

ಅವರು ಹಿಂದೆ ಮುಂದೆ ನೋಡಿ, ನನ್ನ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿದರು.

"ಲೈಬ್ರರಿಯನ್ನರೇ, ಆವತ್ತು ಕಿಟಕಿಯಿಂದ ನೀವು ನೋಡ್ತಿದ್ರಿ ಅಂತ ನನಗೆ ಗೊತ್ತು. ನಿಜ ಹೇಳಿ. ತಮ್ಮನ ಕೋಟಿನ ಮೇಲೆ ಚೆಲ್ಲಿದ್ದು ಯಾವ ಬಾಟಲಿ?"